ಎಣ್ಣಿ ಡಬ್ಬಿಯಲ್ಲಿ ಕುಡಿಯೋ ನೀರು

ಹೋದ ಜನವರಿಯ ಮಾತು. ನಮ್ಮ ಕಬ್ಬಿಗೆ ಕಡಿಯುವ ಪಾಳಿ ಬಂದಿತ್ತು. ವಿಜಯಪುರ ಕಡೆಯ ಗ್ಯಾಂಗು ಹೊಲದ ದಂಡೆಗೇ ಗುಡಿಸಲು ಹಾಕಿಕೊಂಡಿತ್ತು. ಮುಂಜಾನೆ ನಾನು ಹೊಲಕ್ಕೆ ಹೋದಾಗ ಒಬ್ಬ ಹೆಣ್ಣುಮಗಳು ಬೋರಿನ ಪೈಪಿಗೆ 5 ಲೀಟರಿನ ಬಿಳಿ ಕ್ಯಾನು ಹಿಡಿದು ನೀರು ತುಂಬುತ್ತಿದ್ದಳು. ಕ್ಯಾನಿನ ಚೀಟಿ ಕಿತ್ತುಹೋಗಿತ್ತು. ಒಂದು ಮೂಲೆಯಲ್ಲಿ ಹಳದಿ ಬಣ್ಣದ ಚೂರು ಮಾತ್ರ ಉಳಿದಿತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು. ಕ್ಯಾನು ನನ್ನದೇ. ಗೆದ್ದಲಿಗೆಂದು ಕ್ಲೋರ್‌ಪೈರಿಫಾಸ್ ಬಿಟ್ಟು, ಖಾಲಿಯಾದ ಮೇಲೆ ಬದುವಿನ ಮೇಲೆ ಒಗೆದಿದ್ದೆ.

"ಅವ್ವಾ, ಅದು ಎಣ್ಣಿ ಡಬ್ಬಿ ಐತಿ. ಅದರಾಗ ಕುಡಿಯೋ ನೀರು ತುಂಬಬ್ಯಾಡ" ಅಂದೆ.

"ಹೂಂರಿ ಮಾಲಕ್ರ, ಎಣ್ಣಿ ಜಿಡ್ಡು ಇರತೈತಂತ ಸಾಬಾಣ ಪುಡಿ ಹಾಕಿ ಮೂರು ಸಲ ತಿಕ್ಕೀನ್ರಿ" ಅಂದಳು.

ಅವಳು ತಿಳಿದದ್ದು ಒಗ್ಗರಣೆ ಎಣ್ಣಿ. ನಾನು ಹೇಳಿದ್ದು ಹೊಡಿಯೋ ಎಣ್ಣಿ. ನಮ್ಮ ಕಡೆ ಎರಡಕ್ಕೂ ಒಂದೇ ಹೆಸರು. ಅಂಗಡಿಗೆ ಹೋಗಿ "ಹುಳಕ್ಕ ಯಾವುದರೆ ಚಲೋ ಎಣ್ಣಿ ಕೊಡ್ರಿ" ಅನ್ನುತ್ತೇವೆ. ದಕ್ಷಿಣದವರು ಇದಕ್ಕೇ ಔಷಧ ಅನ್ನುತ್ತಾರೆ, ಅದೂ ಅಷ್ಟೇ ಮೋಸದ ಹೆಸರು. ವಿಷಕ್ಕೆ ವಿಷ ಅನ್ನಲು ನಮಗೆ ಬಾಯಿ ಬರುವುದಿಲ್ಲ.

ಆ ನೀರನ್ನು ಅಲ್ಲೇ ಚೆಲ್ಲಿಸಿ, ಕ್ಯಾನನ್ನು ಕುಡಗೋಲಿನಿಂದ ಸೀಳಿದೆ. ಮನೆಯಿಂದ ಹೊಸ ಕೊಡ ತಂದುಕೊಟ್ಟೆ. ಅವಳ ಬಗಲಲ್ಲಿ ಎರಡು ವರ್ಷದ ಕೂಸಿತ್ತು. ಆ ಕ್ಯಾನಿನ ನೀರು ಅವರು ಎಷ್ಟು ದಿನದಿಂದ ಕುಡಿಯುತ್ತಿದ್ದರು ಎಂದು ಕೇಳಿದೆ. "ನಾಕ ದಿನ ಆತ್ರಿ, ಸ್ವಲ್ಪ ವಾಸನಿ ಬರತಿತ್ತು" ಅಂದಳು. ಅಂದಿನಿಂದ ಈ ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಬಿಹಾರದಲ್ಲಿ ಇದೇ ತಪ್ಪು ಮಕ್ಕಳ ಜೀವ ತಿಂದಿತು. 2013ರ ಜುಲೈ 16ರಂದು ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯಲ್ಲೂ ಎಣ್ಣೆಯಲ್ಲೂ ಮಾನೋಕ್ರೋಟೋಫಾಸ್ ಸಿಕ್ಕಿತು. ಅಡುಗೆ ಎಣ್ಣೆಯನ್ನು ಕೀಟನಾಶಕ ಇದ್ದ ಡಬ್ಬಿಯಲ್ಲಿ ಇಟ್ಟಿದ್ದರು ಎಂದು ತನಿಖೆಯವರು ಹೇಳಿದರು. ಮುಖ್ಯೋಪಾಧ್ಯಾಯಿನಿಗೆ 2016ರಲ್ಲಿ ಶಿಕ್ಷೆಯಾಯಿತು. ಆಗಬೇಕಾದದ್ದೇ. ಆದರೆ ಹೊಲಕ್ಕೆ ಹೋಗಬೇಕಾದ ಡಬ್ಬಿ ಅಡುಗೆಮನೆಯವರೆಗೆ ಬರಲು ದಾರಿ ಬಿಟ್ಟವರು ಯಾರು? ಆ ದಾರಿ ಇವತ್ತಿಗೂ ನಮ್ಮ ಎಲ್ಲ ಊರುಗಳಲ್ಲಿ ತೆರೆದೇ ಇದೆ.

ತೊಳೆದರೆ ಹೋಗುವುದಿಲ್ಲ

"ಚೆಂದ ತೊಳದ್ರ ಏನಾಗತೈತಿ?" ಎಂದು ನಮ್ಮವ್ವನೂ ಕೇಳುತ್ತಾಳೆ. ಹಿತ್ತಾಳೆ, ತಾಮ್ರ, ಸ್ಟೀಲು ನೋಡಿದವರ ಲೆಕ್ಕ ಅದು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಲೋಹದ ಪಾತ್ರೆ ಹೊಸದರಂತೆ ಆಗುತ್ತದೆ. ಪ್ಲಾಸ್ಟಿಕ್ಕಿನ ಸ್ವಭಾವ ಬೇರೆ. ಒಂದು ಡಬ್ಬಿಯಲ್ಲಿ ಆರು ತಿಂಗಳು ಉಪ್ಪಿನಕಾಯಿ ಇಟ್ಟು, ಎಷ್ಟು ಸಲ ಬೇಕಾದರೂ ತೊಳೆದು ಮೂಸಿ ನೋಡಿ. ವಾಸನೆ ಹೋಗಿರುವುದಿಲ್ಲ. ವಾಸನೆ ಗೋಡೆಯ ಮೇಲಿಲ್ಲ, ಗೋಡೆಯ ಒಳಗೆ ಹೊಕ್ಕಿದೆ. ಕೀಟನಾಶಕವೂ ಹಾಗೇ. ಅದರಲ್ಲೂ ಡಬ್ಬಿಯ ಮೇಲೆ ಇ.ಸಿ. ಎಂದು ಬರೆದಿರುವ ಎಣ್ಣೆಯಂಥ ವಿಷಗಳು, ಅಂದರೆ ನೀರಿಗೆ ಹಾಕಿದರೆ ಹಾಲಿನಂತಾಗುವವು, ಪ್ಲಾಸ್ಟಿಕ್ಕಿನ ಗೋಡೆಯೊಳಗೆ ಇಳಿದು ಕೂಡುತ್ತವೆ. ಆಮೇಲೆ ನೀವು ಹಾಕಿಟ್ಟ ನೀರಿಗೋ ಹಾಲಿಗೋ ದಿನಾ ಸ್ವಲ್ಪ ಸ್ವಲ್ಪ ಹೊರಗೆ ಬಿಡುತ್ತವೆ. ಬಿಸಿ ಇದ್ದರೆ ಜಾಸ್ತಿ, ಹುಳಿ ಇದ್ದರೆ ಜಾಸ್ತಿ, ಜಿಡ್ಡು ಇದ್ದರೆ ಇನ್ನೂ ಜಾಸ್ತಿ, ಹೆಚ್ಚು ದಿನ ಇಟ್ಟಷ್ಟೂ ಜಾಸ್ತಿ.

ಡಬ್ಬಿಯ ತಳದಲ್ಲಿ ಮೂರು ಬಾಣದ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ, 1ರಿಂದ 7ರವರೆಗೆ. ಈಗಿನ ಹುಡುಗರು ಮೊಬೈಲಿನಲ್ಲಿ ನೋಡಿ "ಕಾಕಾ, 2 ನಂಬರ ಐತಿ, ಇದು ಸೇಫ್" ಎನ್ನುತ್ತಾರೆ. ಅಲ್ಲೇ ಎಡವುವುದು. ಆ ಅಂಕಿ ಹೇಳುವುದು ಇದು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಮಾತ್ರ. 2 ಅಂದರೆ ಗಟ್ಟಿ ಪಾಲಿಥೀನ್. ಹಾಲಿನ ಕ್ಯಾನಿಗೂ 2, ನಾನು ಬದುವಿಗೆ ಒಗೆದ ವಿಷದ ಕ್ಯಾನಿಗೂ 2. ಒಳಗೆ ಏನಿತ್ತು, ಮಾಡುವಾಗ ಯಾವ ಬಣ್ಣ ಬೆರೆಸಿದರು, ಹೊಸ ಕಾಳೋ ಕರಗಿಸಿದ ಗುಜರಿಯೋ, ಇದ್ಯಾವುದನ್ನೂ ಅಂಕಿ ಹೇಳುವುದಿಲ್ಲ.

ಕಾಯ್ದೆ ಇಲ್ಲವೆಂದಲ್ಲ

ನಾನು ಮೊದಲು ತಿಳಿದಿದ್ದು ಇದಕ್ಕೆಲ್ಲ ಕಾಯ್ದೆಯೇ ಇಲ್ಲ ಎಂದು. ಹುಡುಕುತ್ತ ಹೋದರೆ ಬೇಕಾದಷ್ಟಿವೆ.

ಕೀಟನಾಶಕ ನಿಯಮಗಳು 1971ರವು. ಅದರ 44ನೇ ನಿಯಮ ಖಾಲಿ ಡಬ್ಬಿಯದ್ದೇ. ತಯಾರಿಸುವವರು, ಬೆರೆಸಿ ಮಾರುವ ಕಂಪನಿಯವರು, ಹೊಡೆಯುವವರು, ಮೂವರೂ ಖಾಲಿ ಡಬ್ಬಿಯನ್ನು ನೀರು ನೆಲ ಕೆಡದಂತೆ ವಿಲೇವಾರಿ ಮಾಡಬೇಕು. ಮತ್ತೆ ಬಳಸಲು ಸಿಗುವಂತೆ ಹೊರಗೆ ಬಿಡಬಾರದು. ಒಡೆದು, ಜನವಸತಿಯಿಂದ ದೂರ ಹೂಳಬೇಕು. ಅಂದರೆ ನಾನು ಬದುವಿಗೆ ಒಗೆದದ್ದು ಕಾಯ್ದೆಯ ಪ್ರಕಾರವೇ ತಪ್ಪು. 50 ವರ್ಷ ದಾಟಿದ ಈ ನಿಯಮವನ್ನು ಎಣ್ಣಿ ಮಾರಿದ ಯಾವ ಅಂಗಡಿಯವನೂ ನನಗೆ ಒಮ್ಮೆಯೂ ಹೇಳಿರಲಿಲ್ಲ. ಚೀಟಿಯಲ್ಲಿ ಬರೆದಿರುತ್ತಾರೆ, ಇರುವೆ ಕಾಲಿನಂಥ ಅಕ್ಷರದಲ್ಲಿ, ಹತ್ತು ಭಾಷೆಯಲ್ಲಿ. ಕಣ್ಣಿಗೆ ಕಾಣುವುದು ಬಣ್ಣದ ಗುರುತೊಂದೇ. ಕೆಂಪು ಅಂದರೆ ಅತಿ ಘೋರ ವಿಷ, ಹಳದಿ ಅದರ ಕೆಳಗಿನದು, ನೀಲಿ ಮಧ್ಯಮ, ಹಸಿರು ಕಡಿಮೆ ವಿಷ. ಹಸಿರು ನೋಡಿ ಔಷಧಿ ಗಿಡದ ಎಣ್ಣಿ ಎಂದು ತಿಳಿದವರನ್ನೂ ನಾನು ಕಂಡಿದ್ದೇನೆ.

ಇನ್ನು ಊಟದ ಪ್ಲಾಸ್ಟಿಕ್ಕು. ಆಹಾರ ಸುರಕ್ಷತಾ ಪ್ರಾಧಿಕಾರದ ಪ್ಯಾಕೇಜಿಂಗ್ ನಿಯಮ 2018ರಲ್ಲಿ ಹೊರಟು 2019ರ ಜುಲೈ 1ರಿಂದ ಜಾರಿಗೆ ಬಂದಿದೆ. ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯುವ ಒಟ್ಟು ಪದಾರ್ಥ ಕಿಲೋಗೆ 60 ಮಿಲಿಗ್ರಾಂ ಮೀರಬಾರದು. ಬೇರಿಯಂ, ತಾಮ್ರ, ಸತುವಿನಂಥ ಲೋಹಗಳಿಗೆ ಬೇರೆ ಬೇರೆ ಮಿತಿ. ಸುದ್ದಿಪತ್ರಿಕೆಯ ಹಾಳೆಯಲ್ಲಿ ತಿಂಡಿ ಕಟ್ಟಬಾರದು. ಗುಜರಿ ಕರಗಿಸಿ ಮಾಡಿದ ಪ್ಲಾಸ್ಟಿಕ್ಕಿನಲ್ಲಿ ಆಹಾರ ತುಂಬಬಾರದು. ಈ ಕೊನೆಯ ಮಾತು 1999ರ ನಿಯಮದಲ್ಲೇ ಇತ್ತು. ಈಚೆಗೆ ನೀರಿನ ಬಾಟಲಿಯ ಪೆಟ್ ಎಂಬ ಜಾತಿಗೆ ಮಾತ್ರ ಷರತ್ತು ಹಾಕಿ ಸಡಿಲ ಬಿಟ್ಟಿದ್ದಾರೆ.

ಆ 60 ಮಿಲಿಗ್ರಾಂ ಅಳೆಯುವ ರೀತಿ ರೈತರು ತಿಳಿಯುವಂಥದ್ದು. ಐ.ಎಸ್. 9845 ಎಂಬ ಮಾನಕ ಇದೆ. ಬರೀ ನೀರು, ಹುಳಿಗೆ ಬದಲು ಆ್ಯಸಿಟಿಕ್ ಆಮ್ಲ, ಜಿಡ್ಡಿಗೆ ಬದಲು ಹೆಪ್ಟೇನ್, ಹೀಗೆ ಬೇರೆ ಬೇರೆ ದ್ರವ ಹಾಕಿ ಪ್ಲಾಸ್ಟಿಕ್ಕನ್ನು ಇಡುತ್ತಾರೆ. ಬಹಳ ದಿನ ಆಹಾರ ಇಡುವ ಡಬ್ಬಿಯಾದರೆ 40 ಡಿಗ್ರಿ ಶಾಖದಲ್ಲಿ 10 ದಿನ. ಆಮೇಲೆ ದ್ರವವನ್ನು ಆರಿಸಿ ಏನು ಉಳಿಯಿತೆಂದು ತೂಗುತ್ತಾರೆ. ಪ್ರಯೋಗಶಾಲೆಯವರಿಗೆ 40 ಡಿಗ್ರಿ ಅಂದರೆ ಕಷ್ಟದ ಪರೀಕ್ಷೆ. ನಮಗೆ ಅದು ಏಪ್ರಿಲ್ ತಿಂಗಳ ಮಾಳಿಗೆ. ಅದೂ ಆ ಪರೀಕ್ಷೆ ಹೊಸ ಡಬ್ಬಿಗೆ, ಅದು ಯಾವ ಕೆಲಸಕ್ಕೆ ಮಾಡಿದ್ದೋ ಆ ಕೆಲಸಕ್ಕೆ.

ಎಲ್ಲ ನಿಯಮದಲ್ಲೂ ಒಂದು ಸಾಮ್ಯ ನೋಡಿರಿ. ಆಹಾರದ ಕಾಯ್ದೆ ಹಿಡಿಯುವುದು ತುಂಬಿ ಮಾರುವವನನ್ನು. ಎಣ್ಣಿ ಕಾಯ್ದೆ ಮುಖ್ಯವಾಗಿ ಕಂಪನಿಯನ್ನು, ಅಂಗಡಿಯನ್ನು. ಮಾನಕದವರು ನೋಡುವುದು ಕಾರ್ಖಾನೆಯನ್ನು. ಸಂತೆಯಲ್ಲಿ ಕೊಂಡು ಮನೆಗೆ ತಂದ ಮೇಲೆ ಅದರಲ್ಲಿ ನಾವು ಏನು ತುಂಬುತ್ತೇವೆ ಎಂಬುದು ಯಾರ ಕಡತದಲ್ಲೂ ಇಲ್ಲ. ಪೇಟೆಯ ಹೋಟೆಲಾದರೆ ಒಂದಿಷ್ಟು ಕಣ್ಣಿರುತ್ತದೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೋಟೆಲುಗಳಲ್ಲಿ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುವುದು ಸಿಕ್ಕಿಬಿತ್ತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದನ್ನು ನಿಷೇಧಿಸುವುದಾಗಿ ಹೇಳಿದರು. ಒಳ್ಳೆಯ ಕೆಲಸ. ಆದರೆ ನಮ್ಮ ಹೊಲದ ಗುಡಿಸಲಿಗೆ ಯಾವ ಇನ್‌ಸ್ಪೆಕ್ಟರು ಬರುತ್ತಾನೆ?

ನೀಲಿ ಬ್ಯಾರಲ್ಲಿನ ಕಥೆ

2019ರ ಆಗಸ್ಟಿನಲ್ಲಿ ಕೃಷ್ಣೆ ಏರಿದ್ದು ಈ ಭಾಗದ ಓದುಗರಿಗೆ ನೆನಪಿದ್ದೇ ಇರುತ್ತದೆ. 2005ರಲ್ಲೂ ಬಂದಿತ್ತು, 2021ರಲ್ಲೂ ಬಂತು. ಸುತ್ತ ನೀರೇ ನೀರು, ಕುಡಿಯಲು ಇಲ್ಲ. ಬೇಸಿಗೆಯಲ್ಲಿ ಅದೇ ಕೃಷ್ಣೆ ಮರಳು ತೋರಿಸುತ್ತದೆ, ಕೊಯ್ನಾದಿಂದ ಯಾವಾಗ ನೀರು ಬಿಡುತ್ತಾರೋ ಎಂದು ಕಾಯಬೇಕು. ಹಾಗಾಗಿ ಐನಾಪುರ, ಉಗಾರ, ಶಿರಗುಪ್ಪಿ, ಜುಗೂಳ, ಎಲ್ಲೇ ಹೋಗಿ, ಮನೆಯ ಮುಂದೆ ಒಂದೆರಡು ನೀಲಿ ಬ್ಯಾರಲ್ ಇದ್ದೇ ಇರುತ್ತವೆ. 200 ಲೀಟರಿನ ಹೊಸ ಬ್ಯಾರಲ್ಲಿಗೆ ಕೊಡುವಷ್ಟು ದುಡ್ಡು ನಮ್ಮ ಹತ್ತಿರ ಇರುವುದಿಲ್ಲ. ಟೆಂಪೊದಲ್ಲಿ ಹೇರಿಕೊಂಡು ಬಂದ ಹಳೆಯದನ್ನೇ ಕೊಳ್ಳುತ್ತೇವೆ.

ಮಹಾಪೂರ ಇಳಿದ ಮೇಲೆ ನಾನೂ ಎರಡು ತಗೊಂಡೆ. "ಇದರಾಗ ಏನಿತ್ತೋ ತಮ್ಮಾ?" ಎಂದು ಕೇಳಿದೆ. "ಹಣ್ಣಿನ ರಸ ಇತ್ರಿ ಅಣ್ಣಾ, ಫಾರಿನ್ ಮಾಲು" ಅಂದ. ಮನೆಗೆ ತಂದು ನೀರು ತುಂಬಿದರೆ ಮೂರನೇ ದಿನ ಒಂದರಲ್ಲಿ ನೊರೆ ಬಂತು, ಬಾಯಿಗೆ ಹಾಕಿದರೆ ನಾಲಿಗೆ ಜುಮ್ಮೆಂದಿತು. ಅದನ್ನು ಸಗಣಿ ನೀರಿಗೆ ಇಟ್ಟೆವು. ಇನ್ನೊಂದರಲ್ಲಿ ವಾಸನೆ ಇರಲಿಲ್ಲ, ರುಚಿ ಕೆಟ್ಟಿರಲಿಲ್ಲ. ಎರಡು ವರ್ಷ ಕುಡಿದೆವು. ಅದರಲ್ಲಿ ಏನಿತ್ತೆಂದು ಇವತ್ತಿಗೂ ಗೊತ್ತಿಲ್ಲ. ವಾಸನೆ ಇಲ್ಲದ ರಾಸಾಯನಿಕ ಎಷ್ಟೋ ಇವೆ. ಮೂಗು ನಾಲಿಗೆ ನಂಬಿ ಬ್ಯಾರಲ್ ಕೊಳ್ಳುವುದು ಹೋರಿಯ ಕೋಡು ನೋಡಿ ಹಾಲು ಅಳೆದಂತೆ.

ಇಲ್ಲೂ ಕಾಯ್ದೆ ಇದೆ. ಅಪಾಯಕಾರಿ ತ್ಯಾಜ್ಯದ 2016ರ ನಿಯಮದ ಮೊದಲ ಪಟ್ಟಿಯಲ್ಲಿ, ಅಪಾಯಕಾರಿ ರಾಸಾಯನಿಕ ತಾಗಿದ ಖಾಲಿ ಬ್ಯಾರಲ್ಲುಗಳನ್ನು ತ್ಯಾಜ್ಯವೆಂದೇ ಹೆಸರಿಸಿ ಬರೆದಿದ್ದಾರೆ. ಅವನ್ನು ಮಾಲಿನ್ಯ ಮಂಡಳಿಯ ಅನುಮತಿ ಇದ್ದವರು ಮಾತ್ರ ತೊಳೆದು ಶುದ್ಧ ಮಾಡಿ ಮುಂದೆ ಕೊಡಬೇಕು. ಅಂದರೆ ರಾಸಾಯನಿಕದ ಬ್ಯಾರಲ್ ಹಾಗೇ ಸಂತೆಗೆ ಬರುವಂತೆಯೇ ಇಲ್ಲ. ಬರುತ್ತದೆ, ಹಾಡಹಗಲೇ. ನಮ್ಮದು ಗಡಿ. ಬ್ಯಾರಲ್ ಖಾಲಿಯಾಗುವುದು ಒಂದು ರಾಜ್ಯದಲ್ಲಿ, ಮಾರುವುದು ಇನ್ನೊಂದರಲ್ಲಿ. ಒಂದು ಮಂಡಳಿಗೆ ಅದು ಹೊರಗೆ ಹೋದದ್ದು ಕಾಣುವುದಿಲ್ಲ, ಇನ್ನೊಂದಕ್ಕೆ ಒಳಗೆ ಬಂದದ್ದು ಕಾಣುವುದಿಲ್ಲ. ಕಬ್ಬಿನ ಟ್ರ್ಯಾಕ್ಟರು ಗಡಿ ದಾಟಿದರೆ ಎರಡೂ ಕಡೆಯವರಿಗೆ ಹೇಗೆ ಕಾಣುತ್ತದೋ!

ಬ್ಯಾರಲ್ಲಿಗಿಂತ ಸಣ್ಣವು ಮನೆಯೊಳಗೇ ಇವೆ. ಟ್ರ್ಯಾಕ್ಟರ್ ಆಯಿಲ್ಲಿನ 5 ಲೀಟರ್ ಡಬ್ಬಿ ಹೊಲಕ್ಕೆ ನೀರು ಒಯ್ಯಲು. ಪೇಂಟಿನ ಬಕೀಟು ಜೋಳದ ಹಿಟ್ಟಿಗೆ. ಯೂರಿಯಾ ಚೀಲ ತೊಳೆದು ಮೆಣಸಿನಕಾಯಿ ತುಂಬಲು. ಬೀಜೋಪಚಾರ ಮಾಡಿದ ಗೋವಿನಜೋಳದ ಚೀಲದಲ್ಲಿ ಮನೆಯ ಕಾಳು. ಈ ಬೀಜದ ಚೀಲ ಎಲ್ಲಕ್ಕಿಂತ ಕೆಟ್ಟದ್ದು, ಒಳಗೆ ವಿಷದ ಪುಡಿ ಅಂಟಿರುತ್ತದೆ. ನಮ್ಮ ವೈನಿಯವರು ಪೇಂಟಿನ ಬಕೀಟಿನಲ್ಲಿ ಲಿಂಬಿ ಉಪ್ಪಿನಕಾಯಿ ಹಾಕಿದ್ದರು. ಹುಳಿ, ಉಪ್ಪು, ಎಣ್ಣೆ, ಒಂದು ವರ್ಷ, ಯಾವುದು ಇರಬಾರದೋ ಎಲ್ಲವೂ ಕೂಡಿದ್ದವು. ಬಣ್ಣ ಉಪ್ಪಿನಕಾಯಿಗೇ ಇಳಿದಿತ್ತು. "ಚಲೋ ಬಣ್ಣ ಬಂದೈತಿ" ಅಂದುಕೊಂಡಿದ್ದೆವು.

ಟಾಕಿಗೆ ಹೆದರಬೇಕಿಲ್ಲ

ಇಷ್ಟು ಓದಿದ ಮೇಲೆ ಯಾರಾದರೂ ಮಾಳಿಗೆಯ ಟಾಕಿ ಇಳಿಸಿಬಿಟ್ಟಾರು. ಅದು ಬೇಡ. ನಾವು ಯಾವ ಕಂಪನಿಯದಾದರೂ ಸಿಂಟೆಕ್ಸ್ ಎಂದೇ ಕರೆಯುವ ಕರಿ ಟಾಕಿಗೆ ಐ.ಎಸ್. 12701 ಎಂಬ ಮಾನಕ ಇದೆ, 1996ರದ್ದು. ಅದರ ಪ್ರಕಾರ ಟಾಕಿಯ ಪ್ಲಾಸ್ಟಿಕ್ ಐ.ಎಸ್. 10146ಕ್ಕೆ ಸರಿಯಾಗಿರಬೇಕು, ಅಂದರೆ ಊಟಕ್ಕೆ, ಔಷಧಕ್ಕೆ, ಕುಡಿಯುವ ನೀರಿಗೆ ತಾಗಲು ಯೋಗ್ಯವಾದ ಪಾಲಿಥೀನ್. ಕರಿ ಬಣ್ಣಕ್ಕೆ ನೂರಕ್ಕೆ ಎರಡೂವರೆಯಷ್ಟು ಮಸಿ ಬೆರೆಸುತ್ತಾರೆ. ಅದು ಬಿಸಿಲಿಗೆ ಪ್ಲಾಸ್ಟಿಕ್ ಪುಡಿಯಾಗದಂತೆ ತಡೆಯುತ್ತದೆ. ಬೆಳಕು ಒಳಗೆ ಹೋಗದ ಕಾರಣ ಪಾಚಿಯೂ ಕಟ್ಟುವುದಿಲ್ಲ. ಕೊಳ್ಳುವಾಗ ಐ.ಎಸ್.ಐ. ಗುರುತು, ಅದರ ಮೇಲೆ 12701, ಕೆಳಗೆ ಸಿ.ಎಂ./ಎಲ್. ಎಂದು ಶುರುವಾಗುವ ಲೈಸೆನ್ಸ್ ನಂಬರು ನೋಡಿರಿ. ಆ ನಂಬರನ್ನು ಮಾನಕ ಸಂಸ್ಥೆಯ ಬಿ.ಐ.ಎಸ್. ಕೇರ್ ಆ್ಯಪಿನಲ್ಲಿ ಹಾಕಿದರೆ ಖರೆಯೋ ಸುಳ್ಳೋ ತಿಳಿಯುತ್ತದೆ. ಮನೆಯಲ್ಲಿ ಹುಡುಗರಿಗೆ ಹೇಳಿದರೆ ಎರಡು ನಿಮಿಷದ ಕೆಲಸ.

ಆದರೆ ಕರಿ ಬಣ್ಣಕ್ಕೆ ಇನ್ನೊಂದು ಮುಖವೂ ಇದೆ. ಹತ್ತು ಬಣ್ಣದ ಗುಜರಿ ಕೂಡಿಸಿ ಕರಗಿಸಿದರೆ ಅದನ್ನು ಮುಚ್ಚಲು ಇರುವುದು ಕಪ್ಪೊಂದೇ. ಹಳೆ ಟಿ.ವಿ., ಕಂಪ್ಯೂಟರ್ ಪೆಟ್ಟಿಗೆಗಳಿಗೆ ಬೆಂಕಿ ಹತ್ತದಂತೆ ಹಾಕಿದ ರಾಸಾಯನಿಕಗಳು ಅಡುಗೆಮನೆಯ ಕಪ್ಪು ಸಾಮಾನಿನಲ್ಲಿ ಸಿಕ್ಕದ್ದು ಪರದೇಶದ ಪರೀಕ್ಷೆಗಳಲ್ಲಿ ಕಂಡಿದೆ. ಜಾತ್ರೆಯಲ್ಲಿ ತೂಕದ ಮೇಲೆ ಮಾರುವ ಗುರುತಿಲ್ಲದ ಕಪ್ಪು ಕೊಡ, ಕಪ್ಪು ಬುಟ್ಟಿ ದನದ ಹಿಂಡಿಗೂ ಬೇಡ, ಹೊಲಸು ಒಗೆಯಲು ಇರಲಿ.

ಪೈಪಿನದ್ದೂ ಒಂದು ಮಾತು. ಪಿ.ವಿ.ಸಿ. ಪೈಪು ಗಟ್ಟಿ ನಿಲ್ಲಲು ಸೀಸ ಬೆರೆಸುವ ರೂಢಿ ಇತ್ತು. ಅದನ್ನು ಬಿಡಿಸಲು ಕೇಂದ್ರ ಸರಕಾರ 2021ರಲ್ಲಿ ಬೇರೆ ನಿಯಮವನ್ನೇ ಮಾಡಿತು. ಕುಡಿಯುವ ನೀರಿಗೆ ಹಾಕುವಾಗ ಸೀಸ ಇಲ್ಲದ್ದು ಕೇಳಿ ತಗೊಳ್ಳಿರಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿರಿ.

ಶುದ್ಧ ನೀರಿನ ಘಟಕದಿಂದ ತರುವ 20 ಲೀಟರ್ ಕ್ಯಾನು ಗಾಜಿನಂತೆ ಹೊಳೆಯುತ್ತಿದ್ದು, ತಳದಲ್ಲಿ 7 ಇದ್ದರೆ ಸಾಮಾನ್ಯವಾಗಿ ಅದು ಪಾಲಿಕಾರ್ಬೊನೇಟ್. ಅದರಿಂದ ಬಿಸ್ಫೆನಾಲ್-ಎ ಎಂಬುದು ನೀರಿಗೆ ಇಳಿಯುತ್ತದೆ. ಶರೀರದ ಹಾರ್ಮೋನಿನಂತೆ ನಟಿಸುವ ಪದಾರ್ಥ ಇದು. ಕೂಸುಗಳ ಹಾಲಿನ ಬಾಟಲಿಯಲ್ಲಿ ಇದು ಇರಬಾರದೆಂದು ನಮ್ಮ ದೇಶದಲ್ಲೂ ನಿಯಮ ಇದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಇದರ ದಿನದ ಮಿತಿಯನ್ನು ಹಿಂದಿನದಕ್ಕಿಂತ 20,000 ಪಟ್ಟು ಕೆಳಗೆ ಇಳಿಸಿತು. ಆಹಾರ ತಾಗುವ ಸಾಮಾನಿನಲ್ಲಿ ಅದನ್ನು ನಿಷೇಧಿಸುವ ಅಲ್ಲಿನ ಕಾಯ್ದೆ 2025ರ ಜನವರಿ 20ರಿಂದ ಶುರುವಾಗಿದೆ, ಬಿಡಲು ಕಾರ್ಖಾನೆಗಳಿಗೆ ಸ್ವಲ್ಪ ಗಡುವು ಕೊಟ್ಟು. ನಾವು ಮಾಡಬಹುದಾದದ್ದು ಸರಳ. ಕ್ಯಾನನ್ನು ಬಿಸಿಲಲ್ಲಿ ಬಿಡಬೇಡಿ, ಕುದಿಯುವ ನೀರು ಹಾಕಬೇಡಿ, ಮನೆಗೆ ಬಂದ ಕೂಡಲೇ ಹರವಿಗೋ ಸ್ಟೀಲಿನ ಟಾಕಿಗೋ ಸುರುವಿಕೊಳ್ಳಿ.

"ಇಷ್ಟೆಲ್ಲಾ ಯಾಕ? ಹಿಂದಿನಂಗ ತಾಮ್ರದ ಹಂಡೆ, ಮಣ್ಣಿನ ಹರವಿ ಇಟ್ಟರಾತು" ಎಂದು ಭಾಷಣದಲ್ಲಿ ಹೇಳುವವರಿದ್ದಾರೆ. ಹೇಳುವವರು ನೀರು ಹೊತ್ತವರಲ್ಲ. ಹಿತ್ತಾಳೆ ಕೊಡ ಹೊತ್ತು ನಮ್ಮವ್ವನ ಸೊಂಟ ಬಿದ್ದದ್ದು ನಾನು ನೋಡಿದ್ದೇನೆ. ಪ್ಲಾಸ್ಟಿಕ್ ಕೊಡ ಬಂದ ದಿನ ಓಣಿಯ ಹೆಂಗಸರೆಲ್ಲ ಒಂದೊಂದು ತಂದರು. ತಾಮ್ರದ ಹಂಡೆಯ ಕ್ರಯ ಕೂಲಿಯವರಿಗೆ ಒಂದು ತಿಂಗಳ ದುಡಿಮೆ. ಪ್ಲಾಸ್ಟಿಕ್ ಬಿಡಿ ಎಂಬ ಉಪದೇಶ ನನಗೆ ಒಪ್ಪಿಗೆಯಿಲ್ಲ. ನಮ್ಮ ಕೈಗೆ ಬರುವ ಪ್ಲಾಸ್ಟಿಕ್ ಏನೆಂದು ತಿಳಿಯುವ ಹಕ್ಕು ಬೇಕು, ವಿಷದ ಪ್ಲಾಸ್ಟಿಕ್ಕು ನಮ್ಮ ಕೈಯಿಂದ ವಾಪಸು ಹೋಗುವ ದಾರಿ ಬೇಕು.

ಡಬ್ಬಿಗೆ ಬೆಲೆ ಕಟ್ಟಿ

ದಾರಿ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಬ್ರೆಜಿಲ್‌ನಲ್ಲಿ 2000ದಲ್ಲಿ ಕಾಯ್ದೆ ಮಾಡಿದರು. ರೈತ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಹೊಡೆಯುವ ಪಂಪಿಗೇ ಹಾಕಿ, ಡಬ್ಬಿಗೆ ತೂತು ಹೊಡೆದು ವಾಪಸು ತರಬೇಕು. ಅಂಗಡಿಯವನು ಎಲ್ಲಿ ತರಬೇಕೆಂದು ಬಿಲ್ಲಿನಲ್ಲೇ ಬರೆದುಕೊಡಬೇಕು. ಒಯ್ದು ಮುಗಿಸುವ ಖರ್ಚು ಕಂಪನಿಗಳದ್ದು. ಅದಕ್ಕೆಂದೇ ಕಂಪನಿಗಳು ಕೂಡಿ ಇನ್‌ಪೆವ್ ಎಂಬ ಸಂಸ್ಥೆ ಕಟ್ಟಿದವು, 2002ರಿಂದ ಕೆಲಸ ನಡೆದಿದೆ. ಈಗ ಅಲ್ಲಿ ವಿಷ ತಾಗಿದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ವಾಪಸು ಬರುತ್ತವೆ. ಅಲ್ಲಿನ ರೈತರೇನು ನಮಗಿಂತ ಸಭ್ಯರಲ್ಲ. ವ್ಯವಸ್ಥೆ ಇದೆ, ಅದಕ್ಕೆ ತರುತ್ತಾರೆ.

ನಮ್ಮಲ್ಲೂ ಪ್ಲಾಸ್ಟಿಕ್ ಪ್ಯಾಕಿಂಗ್ ಮಾಡುವ ಕಂಪನಿಗಳೇ ಅದನ್ನು ಕೂಡಿಸಬೇಕೆಂದು 2022ರ ಫೆಬ್ರವರಿಯಲ್ಲಿ ಕೇಂದ್ರದ ಪರಿಸರ ಮಂತ್ರಾಲಯ ಮಾರ್ಗಸೂಚಿ ಹೊರಡಿಸಿದೆ. ಆದರೆ ನನ್ನ ಹೊಲದ ಡಬ್ಬಿ ಕೇಳಿಕೊಂಡು ಇದುವರೆಗೆ ಒಬ್ಬನೂ ಬಂದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಎಣ್ಣಿ ಡಬ್ಬಿಗೆ ಡಿಪಾಜಿಟ್ ಇರಬೇಕು. ಲೀಟರ್ ಡಬ್ಬಿಗೆ 20 ರೂಪಾಯಿ, 5 ಲೀಟರಿನದಕ್ಕೆ 50. ಕೊಳ್ಳುವಾಗ ಬಿಲ್ಲಿಗೆ ಸೇರಿಸಲಿ, ತೊಳೆದು ತೂತು ಹೊಡೆದ ಡಬ್ಬಿ ತಂದುಕೊಟ್ಟರೆ ವಾಪಸು ಕೊಡಲಿ. ಇದೇನು ಆಗದ ಮಾತಲ್ಲ. ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಸರಕಾರಿ ಅಂಗಡಿಯ ಸರಾಯಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತಗೊಂಡು, ಖಾಲಿ ಬಾಟಲಿ ತಂದರೆ ತಿರುಗಿ ಕೊಡುತ್ತಾರೆ. ಕುಡಿದವನೇ ಬಾಟಲಿ ತಂದುಕೊಡುತ್ತಾನೆಂದರೆ ಕುಡಿಯದ ನಾವು ಡಬ್ಬಿ ತರುವುದಿಲ್ಲವೇ? ಬೆಲೆ ಇದ್ದ ಡಬ್ಬಿ ಬದುವಿನ ಮೇಲೆ ಬೀಳುವುದಿಲ್ಲ. ಬಿದ್ದರೂ ಹುಡುಗರು ಆರಿಸಿ ಅಂಗಡಿಗೆ ಒಯ್ಯುತ್ತಾರೆ, ನೀರು ತುಂಬಲು ಒಯ್ಯುವುದಿಲ್ಲ. ಹುಡುಗರು ಬರಿಗೈಯಲ್ಲಿ ಮುಟ್ಟುವುದು ಒಳ್ಳೆಯದಲ್ಲ ಎಂಬುದೂ ನಿಜ. ಅದಕ್ಕೇ ತೊಳೆದು ತೂತು ಹೊಡೆದದ್ದಕ್ಕೆ ಮಾತ್ರ ದುಡ್ಡು.

ಕೂಡಿಸುವ ಜಾಗ ಹೋಬಳಿಯ ರೈತ ಸಂಪರ್ಕ ಕೇಂದ್ರ. ಬೀಜ, ಎಣ್ಣಿ ಕೊಡಲು ಅಲ್ಲಿ ಜಾಗ ಇದೆ, ಡಬ್ಬಿಗೂ ಒಂದು ಕೋಣೆ ಕೊಡಲಿ. 1971ರ ನಿಯಮದ ಹೂಳುವ ಮಾತನ್ನೂ ಬದಲಿಸಬೇಕು. ತಗಡು, ಗಾಜಿನ ಕಾಲಕ್ಕೆ ಅದು ಸರಿಯಿತ್ತೋ ಏನೋ. ನಮ್ಮ ಎರೆ ನೆಲದಲ್ಲಿ, ಬೋರಿನ ಪಕ್ಕ, ವಿಷ ಹೀರಿದ ಪ್ಲಾಸ್ಟಿಕ್ ಹೂಳುವುದೆಂದರೆ ನೀರಿಗೇ ಹಾಕಿದಂತೆ. ಸುಡುವುದು ಇನ್ನೂ ಕೆಟ್ಟದ್ದು, ಹೊಗೆ ನಮ್ಮ ಮೂಗಿಗೇ.

ಬ್ಯಾರಲ್ಲಿಗೆ ಬೇರೆ ನಿಯಮ ಬೇಡ, ಇದ್ದದ್ದನ್ನೇ ನಡೆಸಲಿ. ಹಳೆ ಬ್ಯಾರಲ್ ಮಾರುವವನು ಅದರಲ್ಲಿ ಏನಿತ್ತು, ಎಲ್ಲಿ ತೊಳೆಯಿತು ಎಂಬ ಚೀಟಿ ಇಟ್ಟಿರಬೇಕು. ಚೀಟಿ ಇಲ್ಲದಿದ್ದರೆ ಸಂತೆಯಲ್ಲಿ ಜಾಗ ಇಲ್ಲ. ಸಂತೆಯ ಕರ ವಸೂಲಿ ಮಾಡಲು ಪಂಚಾಯಿತಿಯವರು ಪ್ರತಿ ವಾರ ಬರುತ್ತಾರಲ್ಲ, ಆ ಚೀಟಿಯನ್ನೂ ಕೇಳಲಿ.

ನಾನು ಈಗ ಮಾಡುತ್ತಿರುವುದು: ಪಂಪಿಗೆ ಎಣ್ಣಿ ಸುರಿದ ಕೂಡಲೇ ಡಬ್ಬಿಗೆ ಕಾಲು ಭಾಗ ನೀರು ಹಾಕಿ ಅಲ್ಲಾಡಿಸಿ ಅದೇ ಪಂಪಿಗೆ ಸುರಿಯುತ್ತೇನೆ, ಹೀಗೆ ಮೂರು ಸಲ. ದುಡ್ಡು ಕೊಟ್ಟು ತಂದ ಎಣ್ಣಿಯೂ ಪೂರ್ತಿ ಬೆಳೆಗೆ ಹೋಗುತ್ತದೆ. ಆಮೇಲೆ ಮೊಳೆಯಿಂದ ತಳಕ್ಕೆ ನಾಲ್ಕು ತೂತು. ಗ್ಯಾಂಗಿನವರು ಬಂದರೆ ಮೊದಲ ದಿನವೇ ಎರಡು ಹೊಸ ಕೊಡ ಕೊಡುತ್ತೇನೆ. ಮನೆಯಲ್ಲಿ ಎಣ್ಣಿ ಎಂಬ ಮಾತು ಅಡುಗೆಗೆ ಮಾತ್ರ, ಹೊಡೆಯುವುದಕ್ಕೆ ವಿಷ ಎಂದೇ ಅನ್ನಬೇಕೆಂದು ಮಾಡಿಕೊಂಡಿದ್ದೇವೆ. ಮಕ್ಕಳಿಗೆ ಬೇಗ ರೂಢಿಯಾಯಿತು. ನನಗೇ ಇನ್ನೂ ಬಾಯಿ ತಪ್ಪುತ್ತದೆ.

ನಾಲ್ಕು ಎಕರೆಗೆ ಈ ವರ್ಷ ಸಣ್ಣವು ದೊಡ್ಡವು ಕೂಡಿ 13 ಡಬ್ಬಿ ಆದವು. ತೂತು ಹೊಡೆದು ಒಂದು ಚೀಲಕ್ಕೆ ತುಂಬಿ ಪಂಪಿನ ಮನೆಯ ಮೂಲೆಯಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಎಣ್ಣಿ ಅಂಗಡಿಯವರನ್ನು ಕೇಳಿದರೆ "ನಮಗ್ಯಾಕ್ರಿ ಅದು, ಗುಜರಿಯವಂಗ ಕೊಡ್ರಿ" ಎನ್ನುತ್ತಾರೆ. ಗುಜರಿಯವನಿಗೆ ಕೊಟ್ಟರೆ ಅದು ಮುಂದೆ ಏನಾಗಿ ಯಾರ ಮನೆಗೆ ಬರುತ್ತದೋ ನನಗೆ ಗೊತ್ತಿಲ್ಲ. ನಿಮ್ಮ ಊರಿನಲ್ಲಿ ಎಲ್ಲಾದರೂ ಕಂಪನಿಯವರೋ ಸೊಸೈಟಿಯವರೋ ಖಾಲಿ ಡಬ್ಬಿ ವಾಪಸು ತಗೊಳ್ಳುತ್ತಿದ್ದರೆ ಪತ್ರಿಕೆಗೆ ಬರೆದು ತಿಳಿಸಿರಿ. ಚೀಲ ತಗೊಂಡು ಅಲ್ಲಿಗೇ ಬರುತ್ತೇನೆ.